ಮೂಲ ಮುದ್ರಿಕೆಯೇ ಇಲ್ಲದ ಹಾಡುಗಳು: ಶರೀಫರ ಪದಗಳನ್ನು ಕೇಳತೊಡಗುವವರಿಗೆ

ಶಿಶುನಾಳ ಶರೀಫರ ದನಿ ಹೇಗಿತ್ತೆಂದು ತಿಳಿಯಲು ನಮಗೆ ಯಾವ ದಾರಿಯೂ ಉಳಿದಿಲ್ಲ. ಅವರು ತೀರಿಕೊಂಡದ್ದು 1889ರಲ್ಲಿ. ದನಿಯನ್ನು ಹಿಡಿದಿಡುವ ಯಂತ್ರವನ್ನು ಎಡಿಸನ್ 1877ರಲ್ಲೇ ಮಾಡಿದ್ದನಾದರೂ, ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡದ್ದು 1902ರಲ್ಲಿ. ಅಷ್ಟರಲ್ಲಿ ಶರೀಫರು ಹೋಗಿ 13 ವರ್ಷ ಕಳೆದಿತ್ತು. ಹಾಗಾಗಿ ಮೊಬೈಲಿನಲ್ಲಿ, ಕ್ಯಾಸೆಟ್ಟಿನಲ್ಲಿ, ಜಾತ್ರೆಯ ಮೈಕಿನಲ್ಲಿ ನೀವು ಕೇಳಿರುವ ಶರೀಫರ ಪದಗಳೆಲ್ಲ ಬೇರೆಯವರ ಬಾಯಿಂದ ಬಂದವೇ.

ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡಿ ಮುದ್ರಿಸಿದರೆ ರಾಕ್ ಸಂಗೀತ ಕೇಳುವವರು ಅದನ್ನು ಕವರ್ ಎನ್ನುತ್ತಾರೆ. ಈ ಮಾತು ನಮ್ಮ ಹುಡುಗ ಹುಡುಗಿಯರಿಗೆ ಚೆನ್ನಾಗಿ ಗೊತ್ತು. ಲೆಡ್ ಜೆಪ್ಪೆಲಿನ್ ಎಂಬ ಇಂಗ್ಲೆಂಡಿನ ಹಳೆಯ ರಾಕ್ ತಂಡ 1971ರಲ್ಲಿ ‘ವೆನ್ ದ ಲೆವಿ ಬ್ರೇಕ್ಸ್’ ಎಂಬ ಹಾಡನ್ನು ಭಾರೀ ಡ್ರಮ್ಮಿನ ಪೆಟ್ಟಿನೊಂದಿಗೆ ಹೊರತಂದಿತು. ಅದರ ಮೂಲ ಮೆಂಫಿಸ್ ಮಿನ್ನಿ ಮತ್ತು ಕಾನ್ಸಾಸ್ ಜೋ ಮೆಕಾಯ್ ಎಂಬ ಕಪ್ಪು ದಂಪತಿ 1929ರಲ್ಲಿ ಮುದ್ರಿಸಿದ ಹಾಡು. ಅದಕ್ಕೂ ಎರಡು ವರ್ಷ ಹಿಂದೆ ಮಿಸಿಸಿಪ್ಪಿ ನದಿ ಉಕ್ಕಿ ಊರುಗಳನ್ನು ಮುಳುಗಿಸಿದ್ದ ನೆನಪು ಆ ಹಾಡಿನಲ್ಲಿದೆ. ಎರಡು ಮುದ್ರಿಕೆಗಳೂ ಇಂದು ಸಿಗುತ್ತವೆ, ಪಕ್ಕಪಕ್ಕ ಇಟ್ಟು ಕೇಳಬಹುದು. ಶರೀಫರ ಪದಗಳಿಗೆ ಈ ಅನುಕೂಲವಿಲ್ಲ. ಅಲ್ಲಿ ಎಲ್ಲವೂ ಕವರ್ ಮುದ್ರಿಕೆಗಳೇ, ಮೂಲ ಇರುವುದು ಪದದಲ್ಲಿ ಮಾತ್ರ. ಇದು ಮನಸ್ಸಿನಲ್ಲಿದ್ದರೆ ‘ಯಾರು ಹಾಡಿದ್ದು ನಿಜವಾದ ಶರೀಫ?’ ಎಂಬ ಜಗಳಕ್ಕೆ ಇಳಿಯದೆ ನೆಮ್ಮದಿಯಿಂದ ಕೇಳಬಹುದು.

ಮೊದಲು ಮನುಷ್ಯನ ಪರಿಚಯ. ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರ ಶಾ ಅವರ ಹರಕೆಯಿಂದ ಹುಟ್ಟಿದ ಮಗನೆಂದು ಆ ಸೀಮೆಯವರು ಇಂದಿಗೂ ಹೇಳುತ್ತಾರೆ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಹಳ್ಳಿ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದರು. ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವಿಗೆ ಶಿಷ್ಯರಾದರು. ಕಣ್ಣಿಗೆ ಬಿದ್ದ ಗುಡುಗುಡಿ, ಸೋರುವ ಮಾಳಿಗೆ, ಕೋಳಿ, ಕೋತಿ ಎಲ್ಲವನ್ನೂ ಪದವಾಗಿಸಿದರು. ಕೊನೆಯ ಚರಣದಲ್ಲಿ ಶಿಶುನಾಳಧೀಶನ ಅಂಕಿತ ಬರುತ್ತದೆ. ಈ ಪದಗಳು ಬಾಯಿಂದ ಬಾಯಿಗೆ, ಭಜನೆಯಿಂದ ಭಜನೆಗೆ ದಾಟಿ ಬಂದವು. ಪುಸ್ತಕವಾಗಿ ಅಚ್ಚಾದದ್ದು ಆಮೇಲಿನ ಮಾತು.

ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು? ಶಿಗ್ಗಾವಿ, ಸವಣೂರು, ಹಾನಗಲ್ ಸೀಮೆಯ ಹಳ್ಳಿಗಳ ಭಜನಾ ಮೇಳದಿಂದ ಶುರು ಮಾಡಿ ಎನ್ನುತ್ತೇನೆ. ಪ್ರಸಿದ್ಧ ಗಾಯಕರು ಆಮೇಲೆ. ಮೇಳದಲ್ಲಿ ದಮ್ಮಡಿ, ತಾಳ, ಏಕತಾರಿ, ಪೇಟಿ, ತಬಲಾ ಇರುತ್ತವೆ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಹೊಸಬರಿಗೂ ಮೂರನೇ ಸುತ್ತಿಗೆ ಬಾಯಿಗೆ ಬಂದುಬಿಡುತ್ತದೆ. ಮುಂದಾಳು ಚರಣವನ್ನು ನಿಧಾನವಾಗಿ, ಒಂದೊಂದು ಮಾತಿಗೂ ಜಾಗ ಬಿಟ್ಟು ಹೇಳುತ್ತಾನೆ. ಪಲ್ಲವಿಗೆ ಮರಳುವಾಗ ಲಯ ಸ್ವಲ್ಪ ಏರುತ್ತದೆ. ಕೊನೆಯ ಸುತ್ತಿನಲ್ಲಂತೂ ದಮ್ಮಡಿಯ ಬಿಲ್ಲೆಗಳು ಒಂದೇ ಸಮನೆ ಕುಣಿಯುತ್ತವೆ. ನಡುವೆ ಯಾರೋ ಒಬ್ಬರು ಹಾಡು ನಿಲ್ಲಿಸಿ ಆ ಸಾಲಿನ ಅರ್ಥ ಬಿಡಿಸಿ ಹೇಳುವುದೂ ಉಂಟು. ಅಲ್ಲಿ ಹಾಡಿಕಿಯೂ ಪಾಠವೂ ಒಟ್ಟಿಗೇ ನಡೆಯುತ್ತವೆ. ಸ್ಟುಡಿಯೋದಲ್ಲಿ ಮುದ್ರಿಸಿದ ಯಾವ ಹಾಡಿನಲ್ಲೂ ಇದು ಸಿಕ್ಕುವುದಿಲ್ಲ.

ಎರಡನೆಯದಾಗಿ ಸಿ. ಅಶ್ವತ್ಥ್. ಐಟಿಐ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಈ ಗಾಯಕ, ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಜೊತೆ ಸೇರಿ ಶರೀಫರನ್ನು ಬೆಂಗಳೂರಿನ ಮನೆಮನೆಗೆ ತಲುಪಿಸಿದರು. ಭಟ್ಟರು ಪದಗಳನ್ನು ಹುಡುಕಿ ಕೊಟ್ಟರು, ಅಶ್ವತ್ಥ್ ರಾಗ ಹಾಕಿ ಹಾಡಿದರು. ಶಿವಮೊಗ್ಗ ಸುಬ್ಬಣ್ಣನವರ ದನಿಯೂ ಈ ಕೆಲಸಕ್ಕೆ ಕೂಡಿಕೊಂಡಿತು. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಬಂತು. ಆ ಹಾಡುಗಳಲ್ಲಿ ಅಶ್ವತ್ಥ್ ದನಿಯನ್ನು ಎಷ್ಟು ಮೇಲಕ್ಕೆ ಎತ್ತುತ್ತಾರೆ, ಯಾವ ಮಾತಿನ ಮೇಲೆ ಒತ್ತು ಹಾಕುತ್ತಾರೆ, ಎಲ್ಲಿ ಒಮ್ಮೆಲೇ ಮೆತ್ತಗಾಗುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿ. ಮೇಳದಲ್ಲಿ ಹತ್ತು ಜನ ಹಂಚಿಕೊಂಡು ಹೊರುವ ಭಾರವನ್ನು ಅಶ್ವತ್ಥ್ ಒಬ್ಬರೇ ಗಂಟಲಿನಲ್ಲಿ ಹೊತ್ತುಕೊಂಡಿದ್ದಾರೆ. ಗುಂಪಿನ ಹಾಡು ಅವರಲ್ಲಿ ಒಬ್ಬ ಮನುಷ್ಯನ ಅಳಲಾಗುತ್ತದೆ. ಕನ್ನಡ ಸುಗಮ ಸಂಗೀತದಲ್ಲಿ ಇಂಥ ಇನ್ನೊಂದು ಸಾಧನೆ ನನಗೆ ಕಾಣುವುದಿಲ್ಲ.

ಇದಕ್ಕೆ ಒಂದು ಬೆಲೆಯನ್ನೂ ತೆತ್ತಿದ್ದೇವೆ. ಅಶ್ವತ್ಥರ ಧಾಟಿ ಎಷ್ಟು ಬೇರೂರಿತೆಂದರೆ ಈಗ ಹಳ್ಳಿಯ ಮೇಳಗಳಲ್ಲೂ ಹಲವು ಕಡೆ ಅದೇ ಕೇಳಿಬರುತ್ತದೆ. ಊರಿಗೊಂದು ಇದ್ದ ಹಳೆಯ ಧಾಟಿಗಳು ಹಿಂದೆ ಸರಿದಿವೆ. ಹೊರಗಿನ ಲೋಕದಲ್ಲೂ ಹೀಗೆ ಆಗಿದೆ. ಬಾಬ್ ಡಿಲನ್ 1967ರಲ್ಲಿ ಮೆತ್ತಗೆ ಹಾಡಿದ್ದ ‘ಆಲ್ ಅಲಾಂಗ್ ದ ವಾಚ್‌ಟವರ್’ ಹಾಡನ್ನು ಮರುವರ್ಷ ಜಿಮಿ ಹೆಂಡ್ರಿಕ್ಸ್ ಗಿಟಾರಿನ ಬೆಂಕಿಯಲ್ಲಿ ಹಾಡಿದರು. ಆಮೇಲೆ ಡಿಲನ್ ಕೂಡ ವೇದಿಕೆಯ ಮೇಲೆ ಹೆಂಡ್ರಿಕ್ಸ್ ದಾರಿಯನ್ನೇ ಹಿಡಿದರು. ಆದರೆ ಡಿಲನ್ ಹಾಡಿನ ಹಳೆಯ ರೂಪ ಧ್ವನಿಮುದ್ರಿಕೆಯ ತಟ್ಟೆಯಲ್ಲಿ ಭದ್ರವಾಗಿ ಉಳಿದಿದೆ. ಶಿಗ್ಗಾವಿ ಕಡೆಯ ಒಂದು ಹಳೆಯ ಧಾಟಿ, ಅದನ್ನು ಬಲ್ಲ ಅಜ್ಜನ ಜೊತೆಗೇ ಹೋದರೆ ಮರಳಿ ತರುವವರು ಯಾರೂ ಇಲ್ಲ.

ಮೂರನೆಯದು ರಘು ದೀಕ್ಷಿತ್ ತಂಡ. ಮೈಸೂರಿನಲ್ಲಿ ಬೆಳೆದ ರಘು ಭರತನಾಟ್ಯ ಕಲಿತವರು, ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುವವರು. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನಿಯ ಮಾಳಿಗಿ’ ಎರಡೂ ಇವೆ. 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿ ‘ಲೋಕದ ಕಾಳಜಿ’ ಇದೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಈ ತಂಡ ಹಾಡಿತು. ಕನ್ನಡ ಒಂದಕ್ಷರ ಬಾರದವರ ನಾಡುಗಳಲ್ಲಿ ಶಿಶುವಿನಹಾಳದ ಮಾಸ್ತರರ ಪದಗಳಿಗೆ ಜನ ಕುಣಿದಿದ್ದಾರೆ. ಇದು ನನಗೆ ಹೆಮ್ಮೆಯ ಸಂಗತಿ.

ಗಿಟಾರು, ಡ್ರಮ್ಮು ಬಂದರೆ ತತ್ವಪದ ಕೆಡುತ್ತದೆ ಎನ್ನುವ ಹಿರಿಯರಿದ್ದಾರೆ. ಆ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕುಣಿತದ ಲಯದಲ್ಲಿ ಪಲ್ಲವಿ ಮುಂದೆ ಬಂದು ಚರಣ ಹಿಂದೆ ಬೀಳುವ ಅಪಾಯ ಖಂಡಿತ ಇದೆ. ಶರೀಫರ ಒಗಟು ಬಿಚ್ಚಿಕೊಳ್ಳುವುದು ಚರಣದಲ್ಲಿ, ಮುಗಿಯುವುದು ಅಂಕಿತದಲ್ಲಿ. ಆದರೂ ಮೇಳದ ಲಯ ಗೊತ್ತಿರುವವರಿಗೆ ರಘು ದೀಕ್ಷಿತರ ಹಾಡಿಕೆ ಅಪರಿಚಿತವೆನಿಸದು. ಎಲ್ಲರೂ ಕೂಡಿ ಪಲ್ಲವಿ ಹಿಡಿಯುವುದು, ಲಯ ಏರಿಸುತ್ತ ಹೋಗುವುದು, ಕಾಲು ತಾನಾಗಿ ತಾಳ ಹಾಕುವುದು ಎಲ್ಲ ದಮ್ಮಡಿಯ ಕಾಲದಿಂದಲೂ ಇದ್ದದ್ದೇ. ಆ ಗುಂಪಿನ ಹುರುಪನ್ನು ಈ ತಂಡ ವೇದಿಕೆಗೆ ಮರಳಿಸಿದೆ. ಒಂದೇ ಪದವನ್ನು ಆರಿಸಿಕೊಂಡು ಮೇಳ, ಅಶ್ವತ್ಥ್, ರಘು ಈ ಕ್ರಮದಲ್ಲಿ ಕೇಳಿ. ಕೇಳುವ ಮೊದಲು ಪುಸ್ತಕದಲ್ಲಿ ಪೂರ್ತಿ ಪಾಠವನ್ನು ಓದಿಕೊಳ್ಳಿ. ಯಾರು ಯಾವ ಚರಣ ಬಿಟ್ಟರು, ಯಾವ ಮಾತನ್ನು ತಿದ್ದಿದರು, ಉತ್ತರ ಕರ್ನಾಟಕದ ಉಚ್ಚಾರವನ್ನು ಎಷ್ಟು ಉಳಿಸಿಕೊಂಡರು ಎಂಬುದು ಆಗ ತಾನಾಗಿ ಕಾಣುತ್ತದೆ.

ಇನ್ನು ಅಪರೂಪದ ಮುದ್ರಿಕೆಗಳ ಮಾತು. ಅದಕ್ಕೆ ಹಾನಗಲ್ಲಿನ ಹೆಸರು ಹೊತ್ತವರ ಬಳಿ ಹೋಗಬೇಕು. ಗಂಗೂಬಾಯಿ ಹಾನಗಲ್ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರೂ ಮನೆತನದ ಊರು ಹಾನಗಲ್. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ ತಟ್ಟೆಗಳನ್ನು ತಂದಾಗ ಲೇಬಲ್ಲಿನ ಮೇಲೆ ಇದ್ದ ಹೆಸರು ಗಾಂಧಾರಿ. ಜಿ. ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆಗಳನ್ನೂ ಆಗ ಹಾಡಿದ್ದಾರೆ. ಆ ಮುದ್ರಿಕೆ ಸಿಕ್ಕರೆ ಕೇಳಿ, ಮೊದಲ ಸಲ ನಂಬುವುದೇ ಕಷ್ಟ. ನಾವೆಲ್ಲ ಬಲ್ಲ ಗಂಗೂಬಾಯಿಯವರದು ಗಡುಸಾದ, ಆಳವಾದ, ಗಂಡುದನಿಯೆನಿಸುವ ಕಂಠ. ಗಾಂಧಾರಿಯದು ತೆಳುವಾದ, ಚುರುಕಾದ, ಎತ್ತರದ ಹೆಣ್ಣುದನಿ. ಗಂಟಲಿಗೆ ಟಾನ್ಸಿಲ್ ಚಿಕಿತ್ಸೆಯಾದ ಮೇಲೆ ದನಿ ಬದಲಾಯಿತೆಂಬುದು ಸಂಗೀತ ಬಲ್ಲವರೆಲ್ಲ ಹೇಳುವ ಮಾತು. ಬದಲಾದ ದನಿಯಲ್ಲೇ ಅವರು ಕಿರಾಣಾ ಘರಾಣೆಯ ದೊಡ್ಡ ಗಾಯಕಿಯಾದರು. ಹಳೆಯ ತಟ್ಟೆ ಉಳಿದಿರದಿದ್ದರೆ ಮೊದಲ ದನಿಯ ಸುಳಿವೂ ನಮಗೆ ಸಿಕ್ಕುತ್ತಿರಲಿಲ್ಲ.

ಇಂಥ ತಟ್ಟೆಗಳನ್ನು ಕೇಳುವವರಿಗೆ ಒಂದೆರಡು ಸೂಚನೆ. ಅರಗಿನಿಂದ ಮಾಡಿದ ಹತ್ತಿಂಚಿನ ಆ ತಟ್ಟೆಯ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷದ ಆಚೀಚೆ ಅಷ್ಟೆ. ಗಂಟೆಗಟ್ಟಲೆ ಹಾಡುವ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಹೀಗಾಗಿ ಆಲಾಪ ಕಡಿಮೆ, ತಾನಗಳು ಬೇಗ ಬರುತ್ತವೆ. ತಟ್ಟೆಗಳೆಲ್ಲ ಕರಾರುವಾಕ್ಕಾಗಿ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಣವಾದವಲ್ಲ. ವೇಗ ಹೆಚ್ಚಿಸಿ ನುಡಿಸಿದರೆ ಶ್ರುತಿಯೂ ಏರಿ ದನಿ ಇನ್ನಷ್ಟು ತೆಳುವಾಗಿ ಕೇಳಿಸುತ್ತದೆ. ಆದ್ದರಿಂದ ಒಂದೇ ಮುದ್ರಿಕೆ ಎರಡು ಕಡೆ ಸಿಕ್ಕರೆ ಎರಡನ್ನೂ ಕೇಳಿ ನೋಡಿ. ತಟ್ಟೆಯೇ ಕೈಗೆ ಸಿಕ್ಕರೆ ಲೇಬಲ್ಲಿನ ಸಂಖ್ಯೆಯನ್ನೂ, ಲೇಬಲ್ಲಿನ ಪಕ್ಕ ಅರಗಿನಲ್ಲೇ ಕೊರೆದ ಸಣ್ಣ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಯಾವ ಹಾಡು ಯಾವಾಗಿನದು ಎಂದು ಪತ್ತೆ ಹಚ್ಚಲು ಸಂಗ್ರಾಹಕರಿಗೆ ಅದೇ ಆಧಾರ.

ಹಾನಗಲ್ ತಾಲ್ಲೂಕು ಇನ್ನಿಬ್ಬರನ್ನು ಕೊಟ್ಟಿದೆ. ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು, ದೇವಗಿರಿಯ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ, ಇಬ್ಬರ ಹೆಸರೂ ಗದುಗಿನ ವೀರೇಶ್ವರ ಪುಣ್ಯಾಶ್ರಮದೊಡನೆ ಬೆಸೆದಿದೆ. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶ ಕುಮಾರ್ ಪುಟ್ಟರಾಜರ ಶಿಷ್ಯರು. ಹಿಂದೂಸ್ತಾನಿಯಲ್ಲಿ ಒಂದೇ ಚೀಜನ್ನು, ಅಂದರೆ ರಾಗದಲ್ಲಿ ಕಟ್ಟಿದ ರಚನೆಯನ್ನು, ಎಲ್ಲರೂ ಹಾಡುತ್ತಾರೆ, ಅದನ್ನು ಯಾರೂ ನಕಲು ಎನ್ನುವುದಿಲ್ಲ. ಗುರುವಿನ ಪಾಠ ಶಿಷ್ಯನಲ್ಲಿ ಎಷ್ಟು ಬೆಳೆದಿದೆ ಎಂದು ಮಾತ್ರ ನೋಡುತ್ತಾರೆ. ಶರೀಫರ ಪದಗಳನ್ನು ಹೊಸ ದನಿಗಳಲ್ಲಿ ಕೇಳುವಾಗಲೂ ಇದೇ ಕಣ್ಣಿರಲಿ.

ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಕಥೆಯೂ ಹೀಗೆಯೇ. ‘ಬಾಗಿಲನು ತೆರೆದು’ ಕೀರ್ತನೆಯನ್ನು 1960ರ ‘ಭಕ್ತ ಕನಕದಾಸ’ ಚಿತ್ರದಲ್ಲಿ ಪಿ. ಬಿ. ಶ್ರೀನಿವಾಸ್ ಹಾಡಿದ ಮೇಲೆ ಬಹಳ ಜನರಿಗೆ ಅದೇ ಮೂಲವಾಯಿತು. ಹಿರೇಕೆರೂರು ಕಡೆ ಅಬಲೂರು, ಮಾಸೂರುಗಳ ಹೆಸರಿನೊಂದಿಗೆ ಬೆಸೆದ ಸರ್ವಜ್ಞನ ವಚನಗಳು ತ್ರಿಪದಿಯಲ್ಲಿವೆ. ಬೀಸುವ ಕಲ್ಲಿನ ಪದಗಳೂ ತ್ರಿಪದಿಯವೇ. ಆ ಧಾಟಿಯಲ್ಲಿ ಸರ್ವಜ್ಞನನ್ನು ಒಮ್ಮೆ ಹಾಡಿ ನೋಡಿ, ಬರೀ ಓದಿದಾಗ ಸಿಗದ ಲಯ ಸಿಗುತ್ತದೆ. ನವಾಬರ ಸಂಸ್ಥಾನವಾಗಿದ್ದ ಸವಣೂರಿನ ಕಡೆ ಹೋದರೆ ಮೊಹರಮ್ಮಿನ ರಿವಾಯತ್ ಪದಗಳನ್ನು ವಿಚಾರಿಸಿ. ಶರೀಫರೂ ರಿವಾಯತ್ ಪದಗಳನ್ನು ಕಟ್ಟಿದ್ದಾರೆ. ತತ್ವಪದಗಳಿಗೆ ಸಿಕ್ಕ ಗಾಯಕರು, ಕ್ಯಾಸೆಟ್ಟುಗಳು ಇವಕ್ಕೆ ಸಿಗಲಿಲ್ಲ.

ಧಾರವಾಡದಲ್ಲಿ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಗೊಟಗೋಡಿಯಲ್ಲಿ, ಶರೀಫರ ತಾಲ್ಲೂಕಿನಲ್ಲೇ, ಈಗ ಜಾನಪದ ವಿಶ್ವವಿದ್ಯಾಲಯವಿದೆ. ಸಂಸ್ಥೆಗಳು ತಮ್ಮ ಕೆಲಸ ಮಾಡಲಿ, ಆದರೆ ಪ್ರತಿ ಹಳ್ಳಿಯ ಪ್ರತಿ ಮೇಳಕ್ಕೆ ಅವು ತಲುಪಲಾರವು. ನಿಮ್ಮ ಊರಿನಲ್ಲಿ ಹಳೆಯ ಧಾಟಿ ಬಲ್ಲ ಹಿರಿಯರಿದ್ದರೆ ಈ ವಾರವೇ ಅವರ ಮುಂದೆ ಕುಳಿತು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಹಾಡಿಸಿಕೊಳ್ಳಿ. ಫ್ಯಾನು ಆರಿಸಿ, ಮೊಬೈಲನ್ನು ಕೈಯಲ್ಲಿ ಹಿಡಿಯದೆ ಬಟ್ಟೆಯ ಮೇಲಿಡಿ. ಹಾಡಿಗೆ ಮೊದಲು ಅವರ ಹೆಸರು, ಊರು, ತಾರೀಖು, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಅಂಕಿತ ಬರುವವರೆಗೂ ನಿಲ್ಲಿಸಬೇಡಿ. ಒಂದು ಪ್ರತಿಯನ್ನು ಅವರ ಮನೆಯವರಿಗೆ ಕೊಟ್ಟು, ಇನ್ನೊಂದನ್ನು ಮೊಬೈಲಿನ ಹೊರಗೆ ಬೇರೆ ಕಡೆ ಉಳಿಸಿಡಿ.