ಬಿಸಿಲು, ಕಾಲುವೆ, ಚಿರತೆ: ನಾಯಿ ಅಡ್ಡಾಡಿಸುವ ಮುನ್ನ

ಹೊಸಪೇಟೆಯಲ್ಲಿ ಏಪ್ರಿಲ್ ತಿಂಗಳ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್ರಡಾರ್ ಹಿಡಿದು ವಾಕಿಂಗ್ ಹೊರಟವರನ್ನು ಕಂಡರೆ ನನಗೆ ಒಂದೇ ಮಾತು ಹೇಳಬೇಕೆನಿಸುತ್ತದೆ: ಚಪ್ಪಲಿ ಬಿಟ್ಟು ಆ ಡಾಂಬರಿನ ಮೇಲೆ ಒಂದು ನಿಮಿಷ ನಿಲ್ಲಿ. ಗಾಳಿಯ ಉಷ್ಣಾಂಶ 35 ಡಿಗ್ರಿ ಇದ್ದಾಗಲೇ ಬಿಸಿಲಿಗೆ ಬಿದ್ದ ಡಾಂಬರು 60 ಡಿಗ್ರಿಯ ಹತ್ತಿರ ಕಾಯಬಲ್ಲದು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನಗಳು 40 ದಾಟುತ್ತವೆ. ಬಳ್ಳಾರಿ ಸೀಮೆಗೆ ಎರಡೇ ಕಾಲ, ಒಂದು ಬಿಸಿಲುಗಾಲ, ಇನ್ನೊಂದು ಕಡುಬಿಸಿಲುಗಾಲ ಎಂದು ನಗೆಯಾಡುವ ನಾವು, ಬರಿಗಾಲಲ್ಲಿ ನಡೆಯುವ ಪ್ರಾಣಿಯನ್ನು ಮಾತ್ರ ಗಡಿಯಾರ ನೋಡಿ ಹೊರಡಿಸುತ್ತೇವೆ.

ನಾಯಿ ಸಾಕುವ ಬಗ್ಗೆ ಯಾವ ಪುಸ್ತಕ ತೆರೆದರೂ ಬೇಸಿಗೆಗೆ ಒಂದೇ ಸಲಹೆ: ನಸುಕಿನಲ್ಲಿ ಅಥವಾ ಕತ್ತಲಾದ ಮೇಲೆ ಕರೆದೊಯ್ಯಿರಿ. ಬೇರೆ ಊರಿಗೆ ಇದು ಸರಿ. ನಮ್ಮ ಊರುಗಳ ಪೇಚೇ ಬೇರೆ. ಹಂಪಿ, ಕಮಲಾಪುರದ ಬಂಡೆಗುಡ್ಡಗಳು, ಸಂಡೂರಿನ ಬೆಟ್ಟಸಾಲು, ಕಂಪ್ಲಿಯ ಕಬ್ಬಿನ ಗದ್ದೆ, ಇವೆಲ್ಲ ಚಿರತೆ ಓಡಾಡುವ ಜಾಗ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವೂ ಇಲ್ಲೇ ಮಗ್ಗುಲಲ್ಲಿದೆ. ಬಿಸಿಲಿಗೆ ಹೆದರಿ ನಾವು ಯಾವ ಹೊತ್ತು ಆರಿಸಿಕೊಳ್ಳುತ್ತೇವೋ, ಅದೇ ಹೊತ್ತಿಗೆ ಚಿರತೆಯೂ ಹೊರಡುತ್ತದೆ. ಅದಕ್ಕೆ ನಾಯಿಯೆಂದರೆ ಸುಲಭದ ಊಟ. ಆದ್ದರಿಂದ ಇಲ್ಲಿ ಹೊತ್ತನ್ನು ಬದಲಿಸಿದರೆ ಸಾಲದು, ಹೊತ್ತಿನ ಜೊತೆ ದಾರಿಯನ್ನೂ ಬದಲಿಸಬೇಕು.

ಬೇಸಿಗೆ: ಆರರಿಂದ ಏಳು

ಮಾರ್ಚ್‌ನಿಂದ ಮಿರಗದ ಮಳೆ ಬೀಳುವವರೆಗೆ ನಿಮಗಿರುವುದು ಬೆಳಗಿನ ಒಂದೇ ಒಂದು ತಾಸು. ಮೇ ತಿಂಗಳಲ್ಲಿ ಆರಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಏಳಕ್ಕೆ ಮನೆ ಸೇರಿ. ಆ ಹೊತ್ತಿಗೆ ಚಿರತೆ ಗುಡ್ಡ ಸೇರಿರುತ್ತದೆ, ನೆಲವೂ ಇನ್ನೂ ಕಾದಿರುವುದಿಲ್ಲ. ಸಂಜೆಯ ಸುತ್ತಾಟವನ್ನು ಏಳೂವರೆಯ ನಂತರ ಇಟ್ಟುಕೊಳ್ಳಿ, ಅದೂ ಬೀದಿದೀಪ ಇರುವ ಬಡಾವಣೆಯ ಒಳಗೆ ಮಾತ್ರ. ಸಂಜೆ ತಂಪಾಗಿದೆಯೆಂದು ಬಂಡೆಗಳ ಕಡೆಗೆ ಹೋಗಬೇಡಿ. ದಿನವಿಡೀ ಕಾದ ಕಲ್ಲು ರಾತ್ರಿ ಎಂಟಾದರೂ ಬಿಸಿ ಉಗುಳುತ್ತಲೇ ಇರುತ್ತದೆ.

ಹೊರಡುವ ಮುನ್ನ ಅಂಗೈಯ ಹಿಂಬದಿಯನ್ನು ರಸ್ತೆಗೆ ಇಟ್ಟು ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯೂ ಅದರ ಮೇಲೆ ನಡೆಯಬಾರದು. ಮಣ್ಣಿನ ದಾರಿ ಡಾಂಬರಿಗಿಂತ ವಾಸಿ, ಹೊಂಗೆ ಬೇವುಗಳ ನೆರಳಿದ್ದರೆ ಇನ್ನೂ ವಾಸಿ. ಆದರೆ ಬದಿಯ ಬಳ್ಳಾರಿ ಜಾಲಿಯನ್ನು ಮರೆಯಬೇಡಿ. ಒಣಗಿ ಉದುರಿದ ಅದರ ಮುಳ್ಳು ಪಾದದ ಮೆತ್ತೆಯೊಳಗೆ ಮುರಿದುಕೊಂಡರೆ ವಾರಗಟ್ಟಲೆ ಕೀವು. ಮನೆಗೆ ಬಂದ ಕೂಡಲೇ ನಾಲ್ಕೂ ಪಾದ ತೊಳೆದು, ಬೆರಳುಗಳ ನಡುವೆ ಬಿಡಿಸಿ ನೋಡುವ ರೂಢಿ ಮಾಡಿಕೊಳ್ಳಿ. ನಮ್ಮ ಮನೆಯ ಕರಿಯ ಮೂರು ದಿನ ಕುಂಟುವವರೆಗೂ ನಾನು ಈ ಪಾಠ ಕಲಿತಿರಲಿಲ್ಲ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ತೇಕುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ. ಅದಕ್ಕೇ ಮೂಗು ಚಪ್ಪಟೆಯಾದ ಪಗ್ ಥರದ ನಾಯಿಗಳಿಗೆ ಇಲ್ಲಿನ ಬೇಸಿಗೆ ನಿಜವಾದ ಗಂಡಾಂತರ. ಹಿಮದ ಸೀಮೆಗೆಂದು ಹುಟ್ಟಿದ ಹಸ್ಕಿಯನ್ನು ಈ ಊರಿಗೆ ತಂದು ಸಾಕುವುದು ನನ್ನ ಮಟ್ಟಿಗೆ ಶೋಕಿಯಲ್ಲ, ಹಿಂಸೆ. ಸಾಕಲೇಬೇಕೆಂದರೆ ಬೀದಿಯ ಮರಿ ಇದೆ, ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ ಇದೆ. ತೆಳುಗೂದಲಿನ ಆ ನಾಯಿ ನಮ್ಮ ಬಿಸಿಲಿಗೆ ಪಳಗಿದ್ದು. ಹಾಗಂತ ಅದನ್ನೂ ನಡುಮಧ್ಯಾಹ್ನ ಓಡಿಸುವಂತಿಲ್ಲ.

ಬಿಸಿಲು ಬಡಿದರೆ

ತೇಕು ನಿಲ್ಲದಿರುವುದು, ಅಂಟಂಟಾದ ಜೊಲ್ಲು, ಕಡುಗೆಂಪು ವಸಡು, ತೂರಾಡುವ ನಡಿಗೆ, ವಾಂತಿ: ಇವು ಬಿಸಿಲು ಬಡಿದ ಲಕ್ಷಣ. ಆರೋಗ್ಯವಾಗಿರುವ ನಾಯಿಯ ಮೈಬಿಸಿ 38ರಿಂದ 39 ಡಿಗ್ರಿಯ ಆಸುಪಾಸು. ಅದು 41 ದಾಟಿದರೆ ಒಳಾಂಗಗಳು ಕೆಡತೊಡಗುತ್ತವೆ. ಮೊದಲು ನೆರಳಿಗೆ ಒಯ್ಯಿರಿ. ಹೊಟ್ಟೆ, ತೊಡೆಸಂದು, ಪಾದಗಳಿಗೆ ಕೊಡದ ನೀರನ್ನು ಧಾರಾಳವಾಗಿ ಹೊಯ್ಯುತ್ತ ಟವೆಲ್ಲಿನಿಂದ ಗಾಳಿ ಬೀಸಿ. ಒದ್ದೆ ಗೋಣಿಚೀಲ ಹೊದಿಸಿ ಹಾಗೇ ಬಿಡಬೇಡಿ, ಒಳಗಿನ ಶಾಖ ಅಲ್ಲೇ ಉಳಿಯುತ್ತದೆ. ಎಚ್ಚರವಿದ್ದರೆ ಗುಟುಕು ಗುಟುಕು ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಮೈ ತಂಪು ಮಾಡುವುದು ಮೊದಲು, ಪಶು ಆಸ್ಪತ್ರೆಗೆ ಗಾಡಿ ಹೊರಡಿಸುವುದು ಆಮೇಲೆ. ನಾಯಿ ಚೇತರಿಸಿಕೊಂಡಂತೆ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು.

ಮಳೆಗಾಲ: ಇಲ್ಲಿ ಹನಿಯಿಲ್ಲ, ಹೊಳೆ ತುಂಬಿದೆ

ನಮ್ಮ ಕಡೆ ಮಳೆ ಕಡಿಮೆ. ಆದರೆ ತೀರ್ಥಹಳ್ಳಿ, ಶಿವಮೊಗ್ಗದ ಕಡೆ ನಾಲ್ಕು ದಿನ ಸುರಿದರೆ ಇಲ್ಲಿ ಬಿಸಿಲಿರುವಾಗಲೇ ತುಂಗಭದ್ರೆ ಏರುತ್ತಾಳೆ. ಡ್ಯಾಂ ಭರ್ತಿಯಾಗಿ 33 ಕ್ರಸ್ಟ್ ಗೇಟುಗಳಲ್ಲಿ ಕೆಲವನ್ನು ಎತ್ತಿದರೂ ಸಾಕು, ನಿನ್ನೆ ನೀವು ನಾಯಿ ಬಿಟ್ಟಿದ್ದ ಬಂಡೆ ಇಂದು ಕಾಣುವುದಿಲ್ಲ. ನೀರು ಹೆಚ್ಚು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಹೊಳೆ ಹರಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಜುಲೈನಿಂದ ಅಕ್ಟೋಬರ್‌ವರೆಗೆ ಹೊಳೆದಂಡೆಗೆ ಹೊರಡುವ ಮುನ್ನ ಹೊರಹರಿವು ಎಷ್ಟು ಸಾವಿರ ಕ್ಯುಸೆಕ್ ಎಂದು ಪೇಪರಿನಲ್ಲಿ ನೋಡಿ.

ಹೊಳೆಗಿಂತ ನನಗೆ ಹೆಚ್ಚು ಭಯ ಕಾಲುವೆಯದು. ರಾಯ, ಬಸವಣ್ಣ ಕಾಲುವೆಗಳು ವಿಜಯನಗರದ ಅರಸರ ಕಾಲದವು. ಎಚ್‌ಎಲ್‌ಸಿ, ಎಲ್‌ಎಲ್‌ಸಿ ಎಂಬ ಮೇಲ್ಮಟ್ಟದ, ಕೆಳಮಟ್ಟದ ಕಾಲುವೆಗಳು ಡ್ಯಾಂ ಬಂದ ಮೇಲಿನವು. ಕಾಲುವೆ ದಂಡೆ ತಂಪು, ನೆರಳು, ವಾಹನಗಳ ಕಾಟ ಕಡಿಮೆ. ನಾಯಿ ಅಡ್ಡಾಡಿಸಲು ಅದಕ್ಕಿಂತ ಒಳ್ಳೆಯ ದಾರಿ ಊರಲ್ಲಿಲ್ಲ. ಆದರೆ ಸಿಮೆಂಟು ಬಳಿದ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ. ಒಳಗೆ ಬಿದ್ದ ನಾಯಿಗೆ ಈಜು ಬಂದರೂ ಉಗುರು ಊರಲು ಜಾಗ ಸಿಗುವುದಿಲ್ಲ, ಒಂದೇ ಕಡೆ ಕೆರೆದು ಕೆರೆದು ಸುಸ್ತಾಗಿ ಮುಳುಗುತ್ತದೆ. ಆದ್ದರಿಂದ ಕಾಲುವೆ ಪಕ್ಕದಲ್ಲಿ ಕುತ್ತಿಗೆ ಬೆಲ್ಟ್ ಬೇಡ, ಎದೆಯನ್ನೂ ಬಳಸುವ ಬೆಲ್ಟ್ ಹಾಕಿ. ಹಿಡಿದೆತ್ತಿದರೆ ಕುತ್ತಿಗೆ ಬಿಗಿಯುವುದಿಲ್ಲ. ನೀವು ನೀರಿನ ಕಡೆಗಿರಿ, ನಾಯಿ ಹೊಲದ ಕಡೆಗಿರಲಿ. ಬಿದ್ದೇ ಬಿಟ್ಟರೆ ನೀವು ಹಾರಬೇಡಿ. ನೀರು ಹರಿಯುವ ದಿಕ್ಕಿಗೆ ದಂಡೆಯ ಮೇಲೇ ಓಡಿ, ಬಟ್ಟೆ ಒಗೆಯುವ ಮೆಟ್ಟಿಲು ಸಿಗುವಲ್ಲಿ ನಿಂತು ಹೆಸರು ಹಿಡಿದು ಕೂಗಿ. ನಾಯಿ ದನಿಯ ಕಡೆಗೆ ಈಜುತ್ತದೆ.

ಹಿನ್ನೀರು ಸಮುದ್ರ ಕಾಣದ ನಮಗೆ ಸಮುದ್ರವಿದ್ದಂತೆ. ಗಾಳಿ ಎದ್ದಾಗ ಅಲೆಯೂ ಏಳುತ್ತದೆ. ನಾಯಿ ಓಡಿಸಲು ಆಸೆಯಾಗುವುದು ಸಹಜ. ಒಂದೇ ಪರೀಕ್ಷೆ ಮಾಡಿ: ದಂಡೆಯ ನೀರು ಹಸಿರು ಬಣ್ಣ ಕಲಸಿದಂತೆ ಕಂಡರೆ ಹತ್ತಿರ ಸೇರಿಸಬೇಡಿ. ಹಿನ್ನೀರು ಹೀಗೆ ಹಸಿರಾಗಿದ್ದನ್ನು ನೀವೂ ಕಂಡಿರುತ್ತೀರಿ. ಅಂಥ ಪಾಚಿಯಲ್ಲಿ ಕೆಲವು ಬಗೆಗಳು ನಾಯಿಯ ಯಕೃತ್ತನ್ನು ಕೆಲವೇ ತಾಸುಗಳಲ್ಲಿ ಕೆಡಿಸಬಲ್ಲವು. ಈಜದಿದ್ದರೂ ಮೈಗೆ ಅಂಟಿದ್ದನ್ನು ನೆಕ್ಕಿದರೆ ಸಾಕು.

ಮಳೆ ಬಿದ್ದ ಹದಿನೈದು ದಿನಕ್ಕೆ ಉಣ್ಣೆ ಶುರು. ಕಿವಿಯ ಒಳಮಡಿಕೆ, ಬೆರಳ ಸಂದು, ಬಾಲದ ಬುಡ, ಈ ಮೂರು ಕಡೆ ದಿನಾ ಹುಡುಕಿ. ಕಂಡರೆ ಚಿಮಟಿಯಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೀಡಿಯಿಂದ ಸುಡುವುದು ನಮ್ಮ ಹಿರಿಯರ ಪದ್ಧತಿ ಇದ್ದೀತು, ಬಿಟ್ಟುಬಿಡಿ. ಊಟ ಬಿಟ್ಟು ಮಲಗಿ, ವಸಡು ಬಿಳಿಚಿ, ಮೂಗಲ್ಲಿ ರಕ್ತ ಅಥವಾ ಚಹಾ ಬಣ್ಣದ ಮೂತ್ರ ಕಂಡರೆ ಅದು ಉಣ್ಣೆಜ್ವರ ಇರಬಹುದು. ಮರುದಿನದವರೆಗೆ ಕಾಯಬೇಡಿ. ನಾಟಿ ಮಾಡಿದ ಗದ್ದೆಯ ನೀರು, ಔಷಧಿ ಹೊಡೆದ ಹೊಲದ ಬದು, ಇಲಿಪಾಷಾಣ ಇಟ್ಟ ಜಾಗಗಳೂ ನಿಷಿದ್ಧ. ನಿಂತ ನೀರಿನಿಂದ ಬರುವ ಇಲಿಜ್ವರಕ್ಕೆ ಲಸಿಕೆಯಿದೆ, ಮಳೆಗಾಲಕ್ಕೆ ಮೊದಲೇ ಹಾಕಿಸಿ. ನಾಯಿ ಕಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಬಂದರೆ ತಲೆ ಬಗ್ಗಿಸಿ ಬಾಯಿಯ ಪಕ್ಕದಿಂದ ನೀರು ಬಿಟ್ಟು ತೊಳೆಯಿರಿ.

ಸುಗ್ಗಿಯೂ ಚಳಿಯೂ

ನವೆಂಬರ್‌ನಿಂದ ಫೆಬ್ರುವರಿ ನಮ್ಮ ಕಾಲ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವಾಗ ಆರೂಮುಕ್ಕಾಲು, ಆರರ ಸುಮಾರಿಗೆ ಮುಳುಗಿರುತ್ತಾನೆ. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರಿಂದ ಐದೂವರೆ, ಬೇಕಾದಷ್ಟು ನಡೆಯಿರಿ. ಬೇಸಿಗೆಯಲ್ಲಿ ಮಾಡಿದ ಬೆಳಗಿನ ಆರರ ಅಭ್ಯಾಸವನ್ನು ಇಲ್ಲಿಗೂ ತಂದರೆ ಕತ್ತಲಲ್ಲಿ ಗುಡ್ಡದ ಬುಡದಲ್ಲಿರುತ್ತೀರಿ. ತಪ್ಪಾಗುವುದು ಹೀಗೇ.

ಕಂಪ್ಲಿ ಸುತ್ತ ಕಬ್ಬಿನ ಗದ್ದೆಯ ಅಂಚಿನಲ್ಲಿ ನಾಯಿಯನ್ನು ಬಿಡಲೇಬೇಡಿ. ಎದೆಯೆತ್ತರ ಬೆಳೆದ ಕಬ್ಬು ಚಿರತೆಗೆ ಕಾಡೇ ಸರಿ. ಕಟಾವು ನಡೆಯುವಾಗ ಹಂದಿ, ಚಿರತೆ ಯಾವ ಕಡೆಯಿಂದ ಹೊರಬೀಳುತ್ತವೋ ಕೊಯ್ಯುವವರಿಗೂ ತಿಳಿಯದು. ಹಂದಿಗೆ ಒಡ್ಡಿದ ಉರುಳು, ಕಳ್ಳತನದಿಂದ ಎಳೆದ ಕರೆಂಟ್ ತಂತಿ ನಾಯಿಯನ್ನೂ ಬಿಡುವುದಿಲ್ಲ. ಶೇಂಗಾ ಹೊಲ, ಬಾಳೆ ತೋಟದ ಕಡೆ ಕರಡಿ ಬರುತ್ತದೆ. ಬಿಟ್ಟ ನಾಯಿ ಕರಡಿಯನ್ನು ಕಂಡರೆ ಬೊಗಳಿ ರೇಗಿಸುತ್ತದೆ, ಅದು ತಿರುಗಿ ಬಿದ್ದಾಗ ಹೆದರಿ ಯಜಮಾನನ ಕಡೆಗೇ ಓಡಿ ಬರುತ್ತದೆ. ಹಿಂದೆ ಕರಡಿಯೂ ಬರುತ್ತದೆ. ಚೈನು ಕೈಯಲ್ಲಿದ್ದರೆ ಈ ಕಥೆ ಶುರುವಾಗುವುದೇ ಇಲ್ಲ.

ಚಳಿಗಾಲದ ಬೆಳಗಿನಲ್ಲಿ ಮೊಸಳೆಗಳು ಮೈ ಕಾಯಿಸಲು ಬಂಡೆ ಏರುತ್ತವೆ. ಹಂಪಿಯಿಂದ ಕಂಪ್ಲಿಯವರೆಗಿನ ಹೊಳೆಗೆ ನಾಯಿಯನ್ನು ನೀರು ಕುಡಿಯಲೂ ಇಳಿಸಬೇಡಿ, ಬಾಟಲಿಯಲ್ಲಿ ಒಯ್ಯಿರಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನಮ್ಮ ನಾಯಿಗಳ ಕೆಲವು ರೋಗ ನೀರುನಾಯಿಗೂ ತಗಲುತ್ತವೆ. ಆ ಹೊಳೆಗೆ ಇಳಿಯುವ ಹಕ್ಕಿರುವ ನಾಯಿ ಅದೊಂದೇ ಎಂದುಕೊಳ್ಳಿ. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಪಕ್ಷಿಧಾಮಕ್ಕಂತೂ ನಾಯಿ ಒಯ್ಯುವ ಯೋಚನೆಯೇ ಬೇಡ. ಹಿನ್ನೀರು ಇಳಿದ ಬಯಲಲ್ಲೂ ಟಿಟ್ಟಿಭ ಬರಿನೆಲದ ಮೇಲೇ ಮೊಟ್ಟೆ ಇಡುತ್ತದೆ. ಅದು ತಲೆಯ ಮೇಲೆ ಹಾರುತ್ತ ಅರಚಿದರೆ ದಾರಿ ಬದಲಿಸಿ.

ದೀಪಾವಳಿಯ ಮೂರು ದಿನ ಸಂಜೆ ಐದರೊಳಗೆ ಅಡ್ಡಾಡಿಸಿ ಮುಗಿಸಿ. ಪಟಾಕಿಗೆ ಬೆಚ್ಚಿ ಬೆಲ್ಟ್ ಕಿತ್ತುಕೊಂಡು ಓಡಿದ ನಾಯಿ ಮರಳಿ ಸಿಗಬೇಕಾದರೆ ಬೆಲ್ಟಿನಲ್ಲಿ ನಿಮ್ಮ ಫೋನ್ ನಂಬರ್ ಇರಬೇಕು.

ಹಂಪಿಗೆ ಹೋಗುವವರಿಗೆ, ಸಂಡೂರಿನವರಿಗೆ

ಬೆಂಗಳೂರಿನಿಂದ ಕಾರಿನಲ್ಲಿ ನಾಯಿ ಕೂರಿಸಿಕೊಂಡು ಬರುವವರು ಹೆಚ್ಚಿದ್ದಾರೆ. 1959ರ ಪ್ರಾಚೀನ ಸ್ಮಾರಕಗಳ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿಗಳನ್ನು ತರುವಂತಿಲ್ಲ. ವಿಜಯ ವಿಠ್ಠಲ ದೇವಸ್ಥಾನದ ಗೇಟಿನಲ್ಲಿ ವಾದ ಮಾಡಿ ಫಲವಿಲ್ಲ, ನಾಯಿಯನ್ನು ಕಾರಿನಲ್ಲಿ ಕೂಡಿಹಾಕಿ ಒಳಗೆ ಹೋಗುವುದಂತೂ ಕೊಲೆಗೆ ಸಮ. ಮನೆಯ ಒಬ್ಬರು ನೆರಳಲ್ಲಿ ನಾಯಿಯ ಜೊತೆ ಕೂರಲಿ, ಸರದಿಯಲ್ಲಿ ನೋಡಿ ಬನ್ನಿ. ವಿರೂಪಾಕ್ಷನ ಬೀದಿಯಲ್ಲಿ ಮಂಗಗಳ ಗುಂಪು ಇರುತ್ತದೆ, ಚೈನು ಗಿಡ್ಡ ಹಿಡಿಯಿರಿ.

ಸಂಡೂರಿನಲ್ಲಿ ಬೆಟ್ಟ ಹಸಿರಾಗುವ ಮಳೆಗಾಲವೇ ಚೆಂದ. ಆದರೆ ಅದಿರು ಲಾರಿಗಳ ರಸ್ತೆ ಬಿಡಿ. ಕೆಂಪು ದೂಳು ಕಣ್ಣಿಗೂ ಮೂಗಿಗೂ ನುಗ್ಗುತ್ತದೆ, ಲಾರಿಯವರಿಗೆ ಮೊಣಕಾಲೆತ್ತರದ ನಾಯಿ ಕಾಣುವುದೂ ಕಷ್ಟ. ಊರೊಳಗಿನ ಓಣಿ, ಶಾಲೆ ಬಯಲು ಸಾಕು. ಬೆಟ್ಟದ ಕಾಲುದಾರಿಗೆ ನಾಯಿ ಬೇಡ.

ಬೀದಿಯಲ್ಲಿ

ಬೀದಿನಾಯಿಗಳ ಗುಂಪು ಎದುರಾದರೆ ಓಡಬೇಡಿ, ಕಲ್ಲು ಎತ್ತಬೇಡಿ. ನಿಮ್ಮ ನಾಯಿಯನ್ನು ಹತ್ತಿರ ಎಳೆದುಕೊಂಡು, ನಡುವೆ ನೀವು ಬಂದು, ನಿಧಾನ ಓಣಿ ಬದಲಿಸಿ. ಮೈಲಾರಲಿಂಗನ ಗೊರವಯ್ಯರು ನಾಯಿಯಂತೆ ಬೊಗಳಿ ದೋಣಿ ಎಂಬ ಪಾತ್ರೆಯಲ್ಲಿ ಉಣ್ಣುವ ಜಿಲ್ಲೆ ನಮ್ಮದು. ಇಲ್ಲಿ ನಾಯಿಗೆ ಮರ್ಯಾದೆ ಹೊಸದೇನಲ್ಲ. ಆದರೆ ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ನಿಮ್ಮ ನಾಯಿ ಗಲೀಜು ಮಾಡಿದರೆ ಆ ಮರ್ಯಾದೆ ಉಳಿಯುವುದಿಲ್ಲ. ಜೇಬಿನಲ್ಲಿ ಹಳೆ ಪೇಪರ್ ಇರಲಿ.

ಮರಿಗೆ ಲಸಿಕೆಗಳೆಲ್ಲ ಮುಗಿಯುವವರೆಗೆ, ಅಂದರೆ ಹೆಚ್ಚು ಕಡಿಮೆ ನಾಲ್ಕು ತಿಂಗಳು ತುಂಬುವವರೆಗೆ, ಬೀದಿಗೆ ಇಳಿಸಬೇಡಿ. ರೇಬಿಸ್ ಲಸಿಕೆ ಮರಿಗೆ ಮೂರು ತಿಂಗಳು ತುಂಬಿದಾಗ ಒಮ್ಮೆ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷ. ಯಾವ ನಾಯಿ ನಿಮ್ಮನ್ನು ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ.

ಮೊಬೈಲಿನಲ್ಲಿ ಎರಡು ನಂಬರ್ ಇಟ್ಟುಕೊಳ್ಳಿ: ಪಶು ಸಹಾಯವಾಣಿ 1962, ಅರಣ್ಯ ಇಲಾಖೆ 1926. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುವುದುಂಟು. ನಿಮ್ಮ ನಾಯಿಯ ಜೊತೆ ಓಣಿಯಲ್ಲಿ ದಿನಾ ಬಾಲ ಅಲ್ಲಾಡಿಸುವ ಆ ಇನ್ನೊಂದನ್ನೂ ಕರೆದೊಯ್ಯಿರಿ.