ಇಂಜಿನಿಯರಿಂಗ್ ಉನ್ನತ ವ್ಯಾಸಂಗ: ವಿಶ್ವವಿದ್ಯಾಲಯದ ಆಯ್ಕೆ ಹೇಗೆ?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಇಂದು ಇಂಜಿನಿಯರಿಂಗ್ ಪದವೀಧರರಿಗೆ ಕೊರತೆಯಿಲ್ಲ. ಪದವಿ ಕೈಸೇರಿದೊಡನೆ ಸ್ನಾತಕೋತ್ತರ ವ್ಯಾಸಂಗದ ಪ್ರಶ್ನೆ ಏಳುತ್ತದೆ. ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ಪರಿಶೀಲಿಸುವಾಗ ನಾನು ಗಮನಿಸಿದ ಸಂಗತಿಯೊಂದಿದೆ. ಪಾಲಕರಲ್ಲಿ ಅನೇಕರು ಮೊದಲು ವಿಶ್ವವಿದ್ಯಾಲಯದ ಹೆಸರನ್ನು ಆರಿಸುತ್ತಾರೆ, ಅನಂತರ ವಿಷಯವನ್ನು ಆರಿಸುತ್ತಾರೆ, ಖರ್ಚಿನ ಲೆಕ್ಕವನ್ನು ಕಟ್ಟಕಡೆಗೆ ಹಾಕುತ್ತಾರೆ. ಈ ಕ್ರಮವು ತಲೆಕೆಳಗಾದುದು.

ಸರ್ ಎಂ. ವಿಶ್ವೇಶ್ವರಯ್ಯನವರ ನಿದರ್ಶನವನ್ನೇ ನೋಡೋಣ. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದ ಅವರು ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ಸೈನ್ಸ್ ಕಾಲೇಜನ್ನು ಸೇರಿದರು. 1883ರಲ್ಲಿ ಸಿವಿಲ್ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆ ಹೊಂದಿ, ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ನೇಮಕಗೊಂಡರು. ನಿಶ್ಚಿತ ವಿಷಯ, ಉತ್ತಮ ಬೋಧನೆ, ಖರ್ಚಿಗೆ ಆಧಾರ, ಈ ಮೂರೂ ಅಲ್ಲಿ ಕೂಡಿದ್ದವು. ನಾವು ಪರಿಶೀಲಿಸಬೇಕಾದವೂ ಇವೇ.

ಮೊದಲನೆಯದು ವಿಭಾಗ. ಸಂಸ್ಥೆಯ ಕೀರ್ತಿಯು ಅದರ ಎಲ್ಲ ವಿಭಾಗಗಳಿಗೂ ಸಮನಾಗಿ ಸಲ್ಲುವುದಿಲ್ಲ. ನ್ಯಾಕ್ ಮಾನ್ಯತೆಯು ಇಡೀ ಸಂಸ್ಥೆಗೆ ಸಂಬಂಧಿಸಿದ್ದು, ಎನ್.ಬಿ.ಎ. ಮಾನ್ಯತೆಯು ಒಂದೊಂದು ಪಠ್ಯಕ್ರಮಕ್ಕೆ ಪ್ರತ್ಯೇಕವಾಗಿ ದೊರೆಯುವಂಥದು. ಆದುದರಿಂದ ಎರಡನ್ನೂ ವಿಚಾರಿಸಬೇಕು. ಕಾಯಂ ಪ್ರಾಧ್ಯಾಪಕರೆಷ್ಟು, ಪ್ರಯೋಗಾಲಯ ಹೇಗಿದೆ, ಕಳೆದೆರಡು ವರ್ಷಗಳಲ್ಲಿ ತೇರ್ಗಡೆಯಾದವರು ಎಲ್ಲಿದ್ದಾರೆ ಎಂಬುದನ್ನು ಅಲ್ಲಿಯ ವಿದ್ಯಾರ್ಥಿಗಳಿಂದಲೇ ತಿಳಿಯುವುದು ಲೇಸು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಜನಿಸಿದ ಮಾಟುಂಗದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ 2008ರಲ್ಲಿ ತಾನೇ ವಿಶ್ವವಿದ್ಯಾಲಯದ ಮನ್ನಣೆ ಪಡೆಯಿತು. ಒಂದು ವಿಭಾಗದ ಬಲವೆಂದರೆ ಇದು.

ಎರಡನೆಯದು ಪ್ರವೇಶ ಮತ್ತು ಶಿಷ್ಯವೇತನ. ಪವಾಯಿಯ ಐ.ಐ.ಟಿ., ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್ಲಿನ ಎನ್.ಐ.ಟಿ.ಗಳ ಎಂ.ಟೆಕ್. ಪ್ರವೇಶಕ್ಕೆ ಗೇಟ್ ಪರೀಕ್ಷೆಯೇ ಹೆಬ್ಬಾಗಿಲು. ಅಲ್ಲಿ ರಾಜ್ಯವಾರು ಮೀಸಲಾತಿ ಇಲ್ಲದಿರುವುದರಿಂದ ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೂ ಸಮಾನ ಅವಕಾಶವುಂಟು. ಗೇಟ್ ಮೂಲಕ ಸೇರಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಕೆಲವು ವರ್ಷಗಳಿಂದ ತಿಂಗಳಿಗೆ 12,400 ರೂಪಾಯಿ ಸಲ್ಲುತ್ತಿದೆ. ಅಂಕಗಳಿಗೆ ಮೂರು ವರ್ಷಗಳ ಮಾನ್ಯತೆಯಿದೆ. ಮೊದಲ ಯತ್ನದಲ್ಲಿ ಅಂಕ ಕಡಿಮೆಯಾಯಿತೆಂದು ಸಿಕ್ಕಿದ ಕಡೆಗೆ ಹಣ ತೆತ್ತು ಸೇರುವುದಕ್ಕಿಂತ, ನೌಕರಿ ಮಾಡುತ್ತಲೇ ಮತ್ತೊಮ್ಮೆ ಪರೀಕ್ಷೆಗೆ ಕೂರುವುದು ಮೇಲು.

ಮೂರನೆಯದು ಸಾಲ. 20 ಲಕ್ಷ ರೂಪಾಯಿಯನ್ನು ಶೇಕಡಾ 10ರ ಬಡ್ಡಿಗೆ ಆರಂಭದಲ್ಲೇ ಪಡೆದರೆಂದು ಭಾವಿಸೋಣ. ಎರಡು ವರ್ಷಗಳ ವ್ಯಾಸಂಗ, ಅನಂತರದ ಒಂದು ವರ್ಷದ ವಿರಾಮ, ಇಷ್ಟರಲ್ಲಿ ಸರಳ ಬಡ್ಡಿಯೇ 6 ಲಕ್ಷವಾಗುತ್ತದೆ. ಆ 26 ಲಕ್ಷವನ್ನು ಹತ್ತು ವರ್ಷಗಳಲ್ಲಿ ತೀರಿಸಲು ಮಾಸಿಕ ಕಂತು 34,000 ರೂಪಾಯಿಯನ್ನು ಮೀರುತ್ತದೆ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ನಮ್ಮಲ್ಲಿ ಬಹುಮಂದಿಗೆ ಆಸ್ತಿಯೆಂದರೆ ವಾಸದ ಫ್ಲ್ಯಾಟೊಂದೇ. ಆದರೆ 2024ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ದೇಶದ ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರುವವರಿಗೆ ಆಸ್ತಿಯಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ವಿದೇಶದ ವ್ಯಾಸಂಗಕ್ಕೆ ಈ ಯೋಜನೆ ಅನ್ವಯಿಸದು.

ಇನ್ನೊಂದು ಮಾತು. ಮನೆಯ ಊಟ, ಮನೆಯ ವಾಸ ಎಂದು ಹತ್ತಿರದ ಕಾಲೇಜನ್ನೇ ಆರಿಸುವುದುಂಟು. ಆದರೆ ಎಂ.ಟೆಕ್. ವಿದ್ಯಾರ್ಥಿಯ ಸಂಜೆಗಳು ಪ್ರಯೋಗಾಲಯಕ್ಕೆ ಸೇರಿದವು. ಕಲ್ಯಾಣದಿಂದ ಲೋಕಲ್ ಗಾಡಿಯಲ್ಲಿ ದಿನವೂ ಓಡಾಡಿ ದಣಿಯುವುದಕ್ಕಿಂತ ಪವಾಯಿಯ ವಿದ್ಯಾರ್ಥಿನಿಲಯವೇ ವಾಸಿ. ಮಗನನ್ನು ದೂರದ ಸುರತ್ಕಲ್ಲಿಗೆ ಕಳುಹಿಸಿ, ಮಗಳನ್ನು ಮಾತ್ರ ಮನೆಯ ಹತ್ತಿರವೇ ಓದಿಸುವ ಭೇದವಂತೂ ಸಲ್ಲದು.

ವಿಭಾಗವನ್ನು ವಿಚಾರಿಸಿ, ಶಿಷ್ಯವೇತನವನ್ನು ಅರಸಿ, ಕಂತಿನ ಲೆಕ್ಕವನ್ನು ಮಕ್ಕಳೊಡನೆಯೇ ಕುಳಿತು ಬರೆದು ನೋಡಿ. ಅನಂತರವೇ ಅರ್ಜಿಗೆ ಸಹಿ ಹಾಕಿರಿ.