ಮಕ್ಕಳಲ್ಲಿ ಉಷ್ಣವಲಯದ ಜ್ವರಗಳ ಸಹಸೋಂಕು

ಎರಡು ಅಥವಾ ಹೆಚ್ಚು ರೋಗಾಣುಗಳು ಒಂದೇ ಅವಧಿಯಲ್ಲಿ ಒಬ್ಬ ರೋಗಿಯನ್ನು ಬಾಧಿಸುವುದೇ ಸಹಸೋಂಕು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಊರುಗಳಲ್ಲಿ ಮಳೆಗಾಲದ ನಿಂತ ನೀರು, ಇಲಿಗಳಿರುವ ಕಬ್ಬಿನ ಗದ್ದೆ ಹಾಗೂ 2019ರ ಆಗಸ್ಟ್‌ನಲ್ಲಿ ಬಂದಂತಹ ನೆರೆ ಇಂತಹ ಸೋಂಕುಗಳಿಗೆ ಅನುಕೂಲಕರ ಪರಿಸರವನ್ನು ಒದಗಿಸುತ್ತವೆ.

ಸಹಸೋಂಕಿನಲ್ಲಿ ಕಾಣುವ ಜ್ವರಗಳ ಪ್ರಮುಖ ಲಕ್ಷಣಗಳು:

1. ಡೆಂಗಿ: ಈಡಿಸ್ ಸೊಳ್ಳೆಯಿಂದ ಹರಡುವ ಈ ವೈರಾಣು ಜ್ವರದಲ್ಲಿ ಕಣ್ಣಿನ ಹಿಂಭಾಗದ ನೋವು ಮತ್ತು ಪ್ಲೇಟ್‌ಲೆಟ್ ಕುಸಿತ ಕಂಡುಬರುತ್ತವೆ, ಜ್ವರ ಇಳಿಯುವ ಹೊತ್ತಿನಲ್ಲಿ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಅಪಾಯದ ಸೂಚನೆಗಳಾಗಿವೆ.

2. ಸ್ಕ್ರಬ್ ಟೈಫಸ್: ಒರಿಯೆಂಟಿಯಾ ಸುಟ್ಸುಗಮುಶಿ ಬ್ಯಾಕ್ಟೀರಿಯಾವನ್ನು ನುಸಿಯ ಮರಿಗಳು ಹರಡುತ್ತವೆ, ಕಂಕುಳು, ತೊಡೆಸಂದುಗಳಲ್ಲಿ ಮೂಡಬಹುದಾದ, ನೋವಿಲ್ಲದ ಕಪ್ಪು ಹಕ್ಕಳೆಯೇ 'ಎಸ್ಕಾರ್'.

3. ಇಲಿಜ್ವರ: ಇಲಿಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರಾ ಸೋಂಕು ತಗುಲಿ, ಕಣ್ಣು ಕೆಂಪಾಗುವುದು, ಮೀನಖಂಡದ ನೋವು, ಕೆಲವೊಮ್ಮೆ ಕಾಮಾಲೆ ಕಾಣಿಸುತ್ತವೆ.

4. ಮಲೇರಿಯಾ: ಅನಾಫಿಲಿಸ್ ಸೊಳ್ಳೆಯಿಂದ ಹರಡುವ ಈ ರೋಗದಲ್ಲಿ ಚಳಿಜ್ವರ, ರಕ್ತಹೀನತೆ ಮತ್ತು ಗುಲ್ಮದ ಊತ ಉಂಟಾಗುತ್ತವೆ.

ಡೆಂಗಿ ಜ್ವರವು ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುವುದರಿಂದ, ಅದಕ್ಕೂ ಮೀರಿ ಮುಂದುವರಿದರೆ ಅಥವಾ ಬಿಳಿ ರಕ್ತಕಣಗಳು ಇಳಿಯುವ ಬದಲು ಏರಿದರೆ ಎರಡನೆಯ ಸೋಂಕನ್ನು ಶಂಕಿಸಬೇಕು. ಪ್ರತಿಕಾಯ ಪರೀಕ್ಷೆಗಳು ಕೆಲವೊಮ್ಮೆ ತಪ್ಪು ಫಲಿತಾಂಶ ನೀಡುವುದರಿಂದ ಡೆಂಗಿ ಪತ್ತೆಯ ಎನ್‌ಎಸ್‌1, ಮಲೇರಿಯಾ ಪತ್ತೆಯ ರಕ್ತಲೇಪನ ಮತ್ತು ರಕ್ತಕೃಷಿ ಪರೀಕ್ಷೆಗಳಿಗೂ ಮಹತ್ವವಿದೆ. ಸ್ಕ್ರಬ್ ಟೈಫಸ್‌ಗೆ ಮಕ್ಕಳಲ್ಲಿಯೂ ಡಾಕ್ಸಿಸೈಕ್ಲಿನ್ ಮುಖ್ಯ ಔಷಧವಾಗಿದ್ದು, ಡೆಂಗಿ ಶಂಕೆಯಿದ್ದಾಗ ಆಸ್ಪಿರಿನ್ ಮತ್ತು ಐಬುಪ್ರೊಫೆನ್ ವರ್ಜ್ಯ.

ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಈ ಜ್ವರಗಳಲ್ಲಿ ಒಂದಾದ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.